ಕಡತ ಕಾಣೆಯಾಗಿದೆ ಎಂದು ಗಣಕಯಂತ್ರ ಹೇಳಿದಾಗ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ಕರೆದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಮಾತನಾಡಿಸುವುದು ನಮ್ಮ ಸಂಘಗಳ ಸಂಪ್ರದಾಯ. ಈ ಸಲ ವಿಷಯದ ಆಯ್ಕೆಯನ್ನು ಸಮಿತಿಯವರು ನಮಗೇ ಬಿಟ್ಟದ್ದರಿಂದ, ಮನುಷ್ಯದೇಹವನ್ನು ಬದಿಗಿಟ್ಟು, ಮನೆಮನೆಯಲ್ಲೂ ಇರುವ ಇನ್ನೊಂದು ರೋಗಿಯ ಬಗ್ಗೆ ನಾಲ್ಕು ಮಾತು ಹೇಳಲು ಇಚ್ಛಿಸಿದ್ದೇವೆ. ಆ ರೋಗಿ ನಮ್ಮ ಗಣಕಯಂತ್ರ. ಅದರ ದೂರು, ‘ಬೇಕಾದ ಕಡತವೊಂದು ಕಾಣೆಯಾಗಿದೆ’ ಎಂಬುದು. ಈ ಸಭೆಯಲ್ಲಿ ತಂತ್ರಾಂಶದ ಕೆಲಸದಲ್ಲೇ ತಲೆ ನರೆಸಿಕೊಂಡವರು ಅನೇಕರಿದ್ದಾರೆ. ಅವರಿಗೆ ಹೊಸತನ್ನು ಹೇಳುವ ಉದ್ದೇಶ ನಮ್ಮದಲ್ಲ. ಆ ವಿದ್ಯೆ ಬಾರದ ಉಳಿದವರು, ಮುಖ್ಯವಾಗಿ ಮನೆಯಲ್ಲಿ ಮಕ್ಕಳು ಇಲ್ಲದ ಹೊತ್ತಿನಲ್ಲಿ ಇಂಥ ಸಂದೇಶವನ್ನು ಎದುರಿಸುವ ಹಿರಿಯರು, ಗಾಬರಿಪಡದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿಸುವುದಷ್ಟೇ ನಮ್ಮ ಆಸೆ.

ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಆದರೆ ಅದರ ಹೊಟ್ಟೆಯಲ್ಲಿರುವುದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗುವುದಿಲ್ಲ. ಮಗುವಿನ ನಾಮಕರಣದ ಚಿತ್ರಗಳು, ಈಗ ನಮ್ಮೊಡನಿಲ್ಲದ ತಂದೆಯವರು ಊರಿನ ಜಗಲಿಯಲ್ಲಿ ಕುಳಿತು ಹಳೆಯ ಕಥೆ ಹೇಳಿದ ಧ್ವನಿಮುದ್ರಣ, ವೀಸಾ ಮತ್ತು ತೆರಿಗೆಯ ಕಾಗದಪತ್ರಗಳು, ಇವೆಲ್ಲವೂ ಒಂದು ಅಂಗೈಯಗಲದ ಡಿಸ್ಕಿನಲ್ಲಿವೆ. ಕಡತ ಕಾಣೆಯಾಗಿದೆ ಎಂಬ ಸಂದೇಶ ಬಂದಾಗ ಸಾಮಾನ್ಯವಾಗಿ ಇವಾವುವೂ ಹಾಳಾಗಿರುವುದಿಲ್ಲ. ಅವು ಹಾಳಾಗುವುದು ಹೆಚ್ಚಾಗಿ ಆ ನಂತರದ ಅರ್ಧ ಗಂಟೆಯಲ್ಲಿ, ನಮ್ಮ ಆತುರದ ಚಿಕಿತ್ಸೆಯಿಂದ. ಆದ್ದರಿಂದ ಇಂದಿನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಸಂದೇಶವನ್ನು ಹೇಳುತ್ತಿರುವವರು ಯಾರೆಂದು ಮೊದಲು ತಿಳಿಯಿರಿ, ಚಿಕಿತ್ಸೆಗೆ ಮುನ್ನ ಬದುಕಿನ ಕಡತಗಳನ್ನು ಕಾಪಾಡಿಕೊಳ್ಳಿರಿ, ಆಮೇಲೆ ಸೌಮ್ಯವಾದ ಔಷಧದಿಂದ ಆರಂಭಿಸಿರಿ.

ಎಬ್ಬಿಸುವವರ ಸರಪಳಿ

ವಿದ್ಯುತ್ತನ್ನು ಆರಿಸಿದೊಡನೆ ಗಣಕಯಂತ್ರದ ಕೆಲಸದ ಸ್ಮೃತಿ ಪೂರ್ತಿ ಬರಿದಾಗುತ್ತದೆ. ಮರುದಿನ ಗುಂಡಿಯೊತ್ತಿದಾಗ ಅದಕ್ಕೆ ತಾನು ಯಾರೆಂಬುದೇ ತಿಳಿದಿರುವುದಿಲ್ಲ. ಆ ಸ್ಥಿತಿಯಿಂದ ಅದು ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕು. ಒಂದು ಚಿಕ್ಕ ಕಾರ್ಯಕ್ರಮ ಅದಕ್ಕಿಂತ ದೊಡ್ಡದನ್ನು ಕರೆಯುತ್ತದೆ, ಆ ದೊಡ್ಡದು ಇನ್ನೂ ದೊಡ್ಡದನ್ನು. ನಮ್ಮ ಯುಗಾದಿ ಸಮಾರಂಭವನ್ನೇ ನೆನೆಯಿರಿ. ಸಭಾಂಗಣದ ಬೀಗದ ಕೈ ಒಬ್ಬರ ಬಳಿ ಇರುತ್ತದೆ. ಅವರು ಬಾಗಿಲು ತೆರೆದು ದೀಪ ಹಾಕಿ, ತಮ್ಮ ಚೀಟಿಯಲ್ಲಿರುವ ಎರಡನೆಯವರಿಗೆ ಕರೆ ಮಾಡುತ್ತಾರೆ. ಆ ಎರಡನೆಯವರು ಧ್ವನಿವರ್ಧಕದವರನ್ನೂ ಅಡುಗೆಯವರನ್ನೂ ಕರೆಸುತ್ತಾರೆ. ಕೊನೆಗೆ ಪ್ರಾರ್ಥನೆ ಹಾಡುವವರು ವೇದಿಕೆಗೆ ಬರುತ್ತಾರೆ. ನಡುವೆ ಒಬ್ಬರು ಸಿಗದೆ ಹೋದರೆ, ಅವರನ್ನು ಕರೆಯಬೇಕಾಗಿದ್ದವರು ‘ಇಂಥವರು ಬಂದಿಲ್ಲ’ ಎಂದು ಹೇಳಿ ಅಲ್ಲೇ ನಿಲ್ಲುತ್ತಾರೆ. ಆ ಮಾತನ್ನು ಹೇಳಿದವರು ಯಾರೆಂದು ತಿಳಿದರೆ, ಕೆಲಸ ಎಲ್ಲಿಯವರೆಗೆ ಸರಿಯಾಗಿ ನಡೆದಿತ್ತು ಎಂಬುದೂ ತಿಳಿಯುತ್ತದೆ.

ಗಣಕಯಂತ್ರದಲ್ಲಿ ಈ ಸರಪಳಿಗೆ ಸ್ಥೂಲವಾಗಿ ನಾಲ್ಕು ಹಂತಗಳಿವೆ.

ಮೊದಲನೆಯದು, ಮುಖ್ಯಫಲಕದ ಮೇಲಿನ ಚಿಪ್ಪಿನಲ್ಲೇ ಅಚ್ಚಾಗಿರುವ ಕಾರ್ಯಕ್ರಮ. 1981ರ ಐಬಿಎಂ ಪಿಸಿಯ ಕಾಲದಿಂದ ಇದಕ್ಕೆ ಬಯಾಸ್ ಎಂಬ ಹೆಸರಿತ್ತು. ಈಗಿನ ಯಂತ್ರಗಳಲ್ಲಿರುವುದು ಯುಇಎಫ್‌ಐ. ಇದು ಅಂಗಾಂಗಗಳನ್ನು ಪರೀಕ್ಷಿಸಿ, ಯಾವ ಡಿಸ್ಕಿನಿಂದ ಎದ್ದೇಳಬೇಕೆಂದು ಹುಡುಕುತ್ತದೆ. ಡಿಸ್ಕೇ ಕಾಣದಿದ್ದರೆ ‘ನೋ ಬೂಟಬಲ್ ಡಿವೈಸ್’ ಎಂಬರ್ಥದ ಸಾಲು ಕಪ್ಪು ತೆರೆಯ ಮೇಲೆ ಬರುತ್ತದೆ. ಮ್ಯಾಕ್ ಯಂತ್ರವಾದರೆ ಪ್ರಶ್ನಾರ್ಥಕ ಚಿಹ್ನೆಯಿರುವ ಫೋಲ್ಡರಿನ ಚಿತ್ರವೊಂದು ಮಿನುಗುತ್ತದೆ.

ಎರಡನೆಯದು, ಡಿಸ್ಕಿನಲ್ಲಿರುವ ಬೂಟ್ ಮ್ಯಾನೇಜರ್. ವಿಂಡೋಸ್ ಎಕ್ಸ್‌ಪಿಯವರೆಗೆ ಈ ಕೆಲಸ ಮಾಡುತ್ತಿದ್ದ ಕಡತದ ಹೆಸರು ಎನ್‌ಟಿಎಲ್‌ಡಿಆರ್. ವಿಂಡೋಸ್ ವಿಸ್ತಾದಿಂದೀಚೆಗೆ ಬೂಟ್‌ಎಂಜಿಆರ್. ಇವು ಸಿಗದಿದ್ದರೆ ಹಳೆಯ ಯಂತ್ರಗಳಲ್ಲಿ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಅಥವಾ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂಬ ಪ್ರಸಿದ್ಧ ಸಾಲುಗಳು ಕಾಣುತ್ತಿದ್ದವು. ಬೂಟ್ ಮ್ಯಾನೇಜರ್ ಸಿಕ್ಕರೂ ಅದರ ಕೈಯಲ್ಲಿರಬೇಕಾದ ವಿಳಾಸದ ಚೀಟಿ, ಅಂದರೆ ಬಿಸಿಡಿ ಎಂಬ ಕಡತ, ಹಾಳಾಗಿದ್ದರೆ ನೀಲಿ ತೆರೆಯ ಮೇಲೆ ‘ಈ ಯಂತ್ರಕ್ಕೆ ದುರಸ್ತಿ ಬೇಕು’ ಎಂಬರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ.

ಮೂರನೆಯದು, ವಿಂಡೋಸಿನ ಹೃದಯಭಾಗ. ಕರ್ನೆಲ್ ಎಂಬ ಮೂಲ ಕಾರ್ಯಕ್ರಮ, ರಿಜಿಸ್ಟ್ರಿ ಎಂಬ ದಾಖಲೆಪುಸ್ತಕ, ಡಿಸ್ಕು ಮೊದಲಾದ ಅಂಗಗಳನ್ನು ನಡೆಸುವ ಡ್ರೈವರುಗಳು ಇಲ್ಲಿ ಸ್ಮೃತಿಗೆ ಬರುತ್ತವೆ. ಇಲ್ಲಿ ಕೊರತೆಯಾದರೆ ಕಡತದ ಪೂರ್ಣ ವಿಳಾಸದೊಡನೆ ದೂರು ಬರುತ್ತದೆ, ಇಲ್ಲವೇ ನೀಲಿ ತೆರೆ ಕಾಣಿಸಿಕೊಂಡು ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ನಾಲ್ಕನೆಯದು, ನಾವು ಗುಪ್ತಪದ ಕೊಟ್ಟು ಒಳಹೊಕ್ಕ ಮೇಲಿನದು. ಎಂದಿನ ಚಿತ್ರ, ಐಕಾನುಗಳು ಎಲ್ಲವೂ ಬಂದಿವೆ. ನಡುವೆ ಒಂದು ಪುಟ್ಟ ಚೌಕ ಎದ್ದು ‘ಇಂಥ ಡಿಎಲ್‌ಎಲ್ ಸಿಗಲಿಲ್ಲ’ ಎನ್ನುತ್ತದೆ, ಕೆಳಗೆ ‘ಓಕೆ’ ಎಂಬ ಗುಂಡಿ ಇರುತ್ತದೆ. ವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಈ ರೋಗಿ ನಡೆದುಕೊಂಡೇ ಆಸ್ಪತ್ರೆಗೆ ಬಂದಿದ್ದಾನೆ. ಇಲ್ಲಿ ಗಾಬರಿಗೆ ಕಾರಣವೇ ಇಲ್ಲ.

ಪಟ್ಟಿಯಲ್ಲಿ ಹೆಸರಿದೆ, ಊರಿನಲ್ಲಿ ಜನವಿಲ್ಲ

ಕಡತ ಕಾಣೆಯಾಗಿದೆ ಎಂದರೆ ಅದನ್ನು ಯಾರೋ ಕದ್ದರು ಅಥವಾ ಅದು ಅಳಿಸಿಹೋಯಿತು ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ನಿಜಸ್ಥಿತಿ ಬೇರೆಯೇ. ನಮ್ಮ ಸಂಘದ ದೂರವಾಣಿ ಪಟ್ಟಿಯಲ್ಲಿ ಬೇರೆ ಊರಿಗೆ ಕೆಲಸ ಬದಲಾಯಿಸಿಕೊಂಡು ಹೋದವರ ಹೆಸರುಗಳು ವರ್ಷಗಟ್ಟಲೆ ಉಳಿದಿರುತ್ತವೆ. ಹೊಸ ಕಾರ್ಯದರ್ಶಿಗಳು ಆ ಸಂಖ್ಯೆಗೆ ಕರೆ ಮಾಡಿ, ‘ಇವರು ಕಾಣೆಯಾಗಿದ್ದಾರೆ’ ಎಂದು ಸಭೆಗೆ ವರದಿ ಮಾಡಿದರೆ ಹೇಗೆ? ಅವರು ಕಾಣೆಯಾಗಿಲ್ಲ. ಅವರು ಹೋಗಿ ಕಾಲವಾಯಿತು. ಹಳತಾಗಿರುವುದು ನಮ್ಮ ಪಟ್ಟಿ.

1995ರಲ್ಲಿ ಬಂದ ವಿಂಡೋಸ್ 95 ಈ ಮಾತನ್ನು ತನ್ನ ಸಂದೇಶದಲ್ಲೇ ಪ್ರಾಮಾಣಿಕವಾಗಿ ಹೇಳುತ್ತಿತ್ತು. ರಿಜಿಸ್ಟ್ರಿಯಲ್ಲೋ ಸಿಸ್ಟಂ ಡಾಟ್ ಐಎನ್‌ಐ ಎಂಬ ಕಡತದಲ್ಲೋ ಇಂಥ ಡ್ರೈವರಿನ ಹೆಸರಿದೆ, ಆದರೆ ಆ ಕಡತ ಈಗ ಇಲ್ಲ ಎಂಬುದು ಆ ಸಂದೇಶದ ತಾತ್ಪರ್ಯ. ಯಾವುದೋ ಆಟವನ್ನೋ ಸ್ಕ್ಯಾನರಿನ ತಂತ್ರಾಂಶವನ್ನೋ ಫೋಲ್ಡರ್ ಸಮೇತ ಅಳಿಸಿದವರು ಈ ಸಂದೇಶವನ್ನು ಪ್ರತಿದಿನ ಓದಬೇಕಾಗುತ್ತಿತ್ತು. ವಿಂಡೋಸ್ 10 ಮತ್ತು 11ರಲ್ಲಿ ಅದೇ ರೋಗ ‘ರನ್‌ಡಿಎಲ್‌ಎಲ್’ ಎಂಬ ತಲೆಬರಹದ ಚೌಕವಾಗಿ ಬರುತ್ತದೆ. ಬಹಳ ಸಲ ವೈರಸ್ ನಿರೋಧಕ ತಂತ್ರಾಂಶವು ಒಂದು ದುಷ್ಟ ಕಡತವನ್ನು ತೆಗೆದುಹಾಕಿರುತ್ತದೆ, ಆದರೆ ಅದನ್ನು ಪ್ರತಿದಿನ ಕರೆಯಬೇಕೆಂಬ ಆಜ್ಞೆ ಪಟ್ಟಿಯಲ್ಲಿ ಉಳಿದಿರುತ್ತದೆ. ಆಗ ಆ ಕಡತವನ್ನು ಹುಡುಕಿ ತಂದು ಮರಳಿ ಹಾಕುವುದು ಎಂದರೆ ಓಡಿಸಿದ ಕಳ್ಳನನ್ನು ಕರೆದು ಮಣೆ ಹಾಕಿದಂತೆ. ಅಲ್ಲಿ ತೆಗೆಯಬೇಕಾದದ್ದು ಪಟ್ಟಿಯ ಹೆಸರನ್ನು.

ನೋವಿರುವ ಜಾಗವೇ ರೋಗದ ಜಾಗವಲ್ಲ

ಹೃದಯಾಘಾತವಾದವರಲ್ಲಿ ಕೆಲವರು ಎಡಗೈ ನೋವೆಂದೋ ದವಡೆ ನೋವೆಂದೋ ಬರುತ್ತಾರೆ. ನೋವು ನಿಜ. ಆದರೆ ಕೈಗೆ ಎಣ್ಣೆ ತಿಕ್ಕಿ ಕಳುಹಿಸಿದರೆ ರೋಗಿ ಉಳಿಯುವುದಿಲ್ಲ. ಗಣಕಯಂತ್ರದ ಸಂದೇಶಗಳಲ್ಲೂ ಇಂಥ ಸ್ಥಾನಪಲ್ಲಟವುಂಟು.

ಇದಕ್ಕೆ ಪ್ರಸಿದ್ಧ ಉದಾಹರಣೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯದು. ‘ಸಿಸ್ಟಂ32 ಫೋಲ್ಡರಿನ ಎಚ್‌ಎಎಲ್ ಡಾಟ್ ಡಿಎಲ್‌ಎಲ್ ಕಾಣೆಯಾಗಿದೆ ಅಥವಾ ಕೆಟ್ಟಿದೆ’ ಎಂದು ಅದು ಹೇಳುತ್ತಿತ್ತು. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರದಲ್ಲಿ ನೋಡಿದರೆ ಆ ಕಡತ ಎಷ್ಟೋ ಸಲ ಇದ್ದ ಜಾಗದಲ್ಲೇ ಆರೋಗ್ಯವಾಗಿರುತ್ತಿತ್ತು. ಕೆಟ್ಟಿರುತ್ತಿದ್ದುದು ಬೂಟ್ ಡಾಟ್ ಐಎನ್‌ಐ ಎಂಬ ಕೆಲವೇ ಸಾಲುಗಳ ಚೀಟಿ. ವಿಂಡೋಸ್ ಯಾವ ಡಿಸ್ಕಿನ ಎಷ್ಟನೆಯ ವಿಭಾಗದಲ್ಲಿದೆ ಎಂದು ಅದು ಹೇಳುತ್ತಿತ್ತು. ಡಿಸ್ಕಿನ ವಿಭಾಗಗಳನ್ನು ಬದಲಾಯಿಸಿದ ಮೇಲೆ ಚೀಟಿಯ ಅಂಕಿ ತಪ್ಪಾಗಿ, ಯಂತ್ರ ಬೇರೆ ಮನೆಯ ಬಾಗಿಲು ತಟ್ಟಿ, ‘ಇಲ್ಲಿ ಆ ಹೆಸರಿನವರು ಯಾರೂ ಇಲ್ಲ’ ಎಂದು ಹಿಂದಿರುಗುತ್ತಿತ್ತು. ಬೇಕಾಗಿದ್ದದ್ದು ಒಂದಂಕಿಯ ತಿದ್ದುಪಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ಬೂಟ್ ಡಾಟ್ ಐಎನ್‌ಐ ಇದ್ದ ಜಾಗಕ್ಕೆ ವಿಸ್ತಾದಲ್ಲಿಯೇ ಬಿಸಿಡಿ ಬಂದಿತ್ತು. ಆದರೆ ಪಾಠ ಹಳತಾಗಿಲ್ಲ: ಸಂದೇಶದಲ್ಲಿರುವ ಹೆಸರು ಸಾಕ್ಷಿಯೇ ಹೊರತು ಅಪರಾಧಿಯಲ್ಲ.

ಎನ್‌ಟಿಎಲ್‌ಡಿಆರ್ ಸಂದೇಶದ ಕಥೆಯೂ ಇಂಥದೇ. ಹಿಂದಿನ ರಾತ್ರಿ ಯಂತ್ರದಲ್ಲಿ ಮರೆತುಬಿಟ್ಟ ಒಂದು ಫ್ಲಾಪಿಯೇ ಎಷ್ಟೋ ಮನೆಗಳಲ್ಲಿ ಅದಕ್ಕೆ ಕಾರಣವಾಗಿತ್ತು. ಯಂತ್ರ ಮೊದಲು ಫ್ಲಾಪಿಯನ್ನು ನೋಡಿ, ಅಲ್ಲಿ ಬೇಕಾದ ಕಡತವಿಲ್ಲವೆಂದು ದೂರುತ್ತಿತ್ತು. ಇಂದು ಫ್ಲಾಪಿಯಿಲ್ಲ, ಅದರ ಜಾಗದಲ್ಲಿ ಪೆನ್ ಡ್ರೈವ್ ಇದೆ.

ಮೊದಲು ವಿಚಾರಣೆ

ಊರಿನಿಂದ ತಂದೆಯವರು ಕರೆ ಮಾಡಿ ‘ಕಂಪ್ಯೂಟರ್ ಕೆಟ್ಟುಹೋಗಿದೆಯಪ್ಪ’ ಎಂದರೆ, ‘ಆರಿಸಿ ಹಾಕಿ ನೋಡಿ’ ಎಂದು ಹೇಳಿ ಮುಗಿಸುವುದು ನಮ್ಮಲ್ಲಿ ಅನೇಕರ ರೂಢಿ. ಬದಲಿಗೆ, ‘ಅಪ್ಪಾ, ತೆರೆಯ ಮೇಲೆ ಬಂದಿರುವುದನ್ನು ಮುಟ್ಟದೆ ಒಂದು ಫೋಟೋ ತೆಗೆದು ಕಳುಹಿಸಿ’ ಎಂದು ಹೇಳಿರಿ. ಆ ಒಂದು ಚಿತ್ರದಲ್ಲಿ ಅರ್ಧ ರೋಗನಿದಾನವಿರುತ್ತದೆ. ಅನಂತರ ಕೇಳಬೇಕಾದ ಪ್ರಶ್ನೆಗಳು ಐದು.

ಒಂದು, ಈ ಸಂದೇಶ ಗುಪ್ತಪದ ಕೊಡುವ ಮೊದಲು ಬಂದಿತೇ, ಆಮೇಲೆ ಬಂದಿತೇ? ಎರಡು, ಇದಕ್ಕೆ ಮೊದಲು ಏನು ಬದಲಾಗಿತ್ತು? ಹೊಸ ತಂತ್ರಾಂಶ ಹಾಕಿದ್ದು, ಹಳೆಯದನ್ನು ತೆಗೆದದ್ದು, ವಿಂಡೋಸ್ ತನ್ನನ್ನು ನವೀಕರಿಸಿಕೊಳ್ಳುತ್ತಿದ್ದಾಗ ಕರೆಂಟು ಹೋದದ್ದು, ಯಾವುದಾದರೂ ಸರಿ. ಮೂರು, ಪೆನ್ ಡ್ರೈವ್, ಹೊರಗಿನ ಡಿಸ್ಕು, ಕ್ಯಾಮೆರಾ ಕಾರ್ಡು ಏನಾದರೂ ಸಿಕ್ಕಿಸಿದೆಯೇ? ಇದ್ದರೆ ತೆಗೆದು ಮತ್ತೆ ಆರಂಭಿಸಿ ನೋಡಿ. ನಾಲ್ಕು, ಗಡಿಯಾರ ಹಲವು ವರ್ಷ ಹಿಂದಿನ ತಾರೀಖು ತೋರಿಸುತ್ತಿದೆಯೇ? ಹಾಗಿದ್ದರೆ ಮುಖ್ಯಫಲಕದ ನಾಣ್ಯದಂಥ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032 ಎಂಬುದು, ಸತ್ತಿರಬಹುದು; ಹಳೆಯ ಯಂತ್ರಗಳಲ್ಲಿ ಅದರೊಡನೆ ಯಾವ ಡಿಸ್ಕಿನಿಂದ ಎದ್ದೇಳಬೇಕೆಂಬ ನೆನಪೂ ಹೋಗುತ್ತದೆ. ಐದು, ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆಯೇ? ಈ ಐದನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮುಂದಿನ ಪ್ರಶ್ನೆಗಳೇ ಬೇಡ. ಯಂತ್ರವನ್ನು ಆರಿಸಿ, ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಪರಿಣತರಲ್ಲಿಗೆ ಒಯ್ಯುವುದೇ ಸರಿ. ತಿರುಗುವ ಡಿಸ್ಕು ಸಾಯುತ್ತಿರುವಾಗ ಒಂದೊಂದು ಆರಂಭವೂ ಅದಕ್ಕೆ ಇನ್ನೊಂದು ಪೆಟ್ಟು. ಹೊಸ ಬಗೆಯ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲದ ಕಾರಣ ಈ ಎಚ್ಚರಿಕೆಯ ಸದ್ದೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಚಿಕಿತ್ಸೆಗೆ ಮುನ್ನ ರಕ್ಷಣೆ

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತವನ್ನು ಸಿದ್ಧವಾಗಿಟ್ಟುಕೊಳ್ಳುವಂತೆ, ದುರಸ್ತಿಗೆ ಮುನ್ನ ನಮ್ಮ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್ ಏಳದಿರುವಾಗ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಮೂರು ದಾರಿಗಳಿವೆ.

ಮೊದಲ ದಾರಿ, ಬೇರೊಂದು ಯಂತ್ರದಲ್ಲಿ ಉಬುಂಟು ಮೊದಲಾದ ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಅದರಿಂದಲೇ ಈ ಯಂತ್ರವನ್ನು ಎಬ್ಬಿಸುವುದು. ‘ಇನ್‌ಸ್ಟಾಲ್’ ಎಂಬುದನ್ನು ಆರಿಸದೆ ‘ಟ್ರೈ’ ಎಂಬುದನ್ನು ಆರಿಸಿದರೆ ಒಳಗಿನ ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಚಿತ್ರಗಳನ್ನೂ ಕಾಗದಗಳನ್ನೂ ನಕಲು ಮಾಡಬಹುದು. ಎರಡನೆಯದು, ಡಿಸ್ಕನ್ನು ಬಿಚ್ಚಿ, ಅದಕ್ಕೆಂದೇ ದೊರೆಯುವ ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಯಂತ್ರಕ್ಕೆ ಜೋಡಿಸುವುದು. ಮೂರನೆಯದು, ವಿಂಡೋಸಿನದೇ ದುರಸ್ತಿ ಪರಿಸರದ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೋಟ್‌ಪ್ಯಾಡ್’ ಎಂದು ಬೆರಳಚ್ಚಿಸುವುದು. ನೋಟ್‌ಪ್ಯಾಡ್ ತೆರೆದ ಮೇಲೆ ‘ಫೈಲ್’, ‘ಓಪನ್’ ಒತ್ತಿ, ಕೆಳಗೆ ಎಲ್ಲ ಬಗೆಯ ಕಡತಗಳನ್ನೂ ತೋರಿಸುವಂತೆ ಆರಿಸಿಕೊಂಡರೆ ಡಿಸ್ಕಿನ ಫೋಲ್ಡರುಗಳು ಕಾಣುತ್ತವೆ. ಅಲ್ಲಿಂದಲೇ ಬೇಕಾದುದನ್ನು ನಕಲು ಮಾಡಿ ಹೊರಗಿನ ಡಿಸ್ಕಿಗೆ ಅಂಟಿಸಬಹುದು.

ಈ ಮೂರು ದಾರಿಗೂ ಒಂದು ಬಾಗಿಲು ಅಡ್ಡವಿರಬಹುದು. ಅದು ಬಿಟ್‌ಲಾಕರ್ ಎಂಬ ಗೂಢಲಿಪೀಕರಣ. ಈಚಿನ ಅನೇಕ ಯಂತ್ರಗಳಲ್ಲಿ, ನಾವು ಕೇಳದಿದ್ದರೂ, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದೊಡನೆ ಡಿಸ್ಕಿನ ಗೂಢಲಿಪೀಕರಣ ತಾನಾಗಿ ಆರಂಭವಾಗಿರುತ್ತದೆ. ಕಳ್ಳರಿಂದ ರಕ್ಷಿಸಲು ಅದು ಒಳ್ಳೆಯದೇ. ಆದರೆ ದುರಸ್ತಿಯ ಹೊತ್ತಿನಲ್ಲಿ ಅದು 48 ಅಂಕಿಗಳ ಒಂದು ಕೀಲಿಯನ್ನು ಕೇಳುತ್ತದೆ. ಸಾಮಾನ್ಯವಾಗಿ ಅದು ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆ ಯಾರ ಹೆಸರಿನಲ್ಲಿದೆ, ಅದರ ಗುಪ್ತಪದವೇನು ಎಂಬುದು ಮನೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿದ್ದು, ಆ ಒಬ್ಬರೇ ಇಲ್ಲವಾದರೆ, ಕುಟುಂಬದ ಚಿತ್ರಗಳೆಲ್ಲ ಕಣ್ಣೆದುರಿಗಿದ್ದೂ ಇಲ್ಲದಂತಾಗುತ್ತವೆ. ಇಂದು ಮನೆಗೆ ಹೋದೊಡನೆ ಮಾಡಬೇಕಾದ ಕೆಲಸ ಒಂದಿದ್ದರೆ ಅದು ಈ ಕೀಲಿಯನ್ನು ಕಾಗದದ ಮೇಲೆ ಬರೆದು, ಪಾಸ್‌ಪೋರ್ಟುಗಳಿರುವ ಜಾಗದಲ್ಲಿ ಇಡುವುದು.

ಔಷಧದ ಮೆಟ್ಟಿಲುಗಳು

ಈಗ ಚಿಕಿತ್ಸೆ. ನಾಲ್ಕನೆಯ ಹಂತದ ಸುಲಭ ರೋಗದಿಂದ ಆರಂಭಿಸೋಣ.

ಒಳಹೊಕ್ಕ ಮೇಲೆ ‘ರನ್‌ಡಿಎಲ್‌ಎಲ್’ ಚೌಕ ಬಂದರೆ, ಅದರಲ್ಲಿರುವ ಕಡತದ ಹೆಸರನ್ನು ಬರೆದುಕೊಳ್ಳಿರಿ. ವಿಂಡೋಸಿನ ಸ್ವಂತ ವೈರಸ್ ನಿರೋಧಕದಿಂದ ಒಮ್ಮೆ ಪೂರ್ಣ ಪರೀಕ್ಷೆ ನಡೆಸಿರಿ. ಅನಂತರ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟವನ್ನೂ, ಟಾಸ್ಕ್ ಶೆಡ್ಯೂಲರನ್ನೂ ನೋಡಿರಿ. ಇದಕ್ಕೆ ಇನ್ನೂ ಒಳ್ಳೆಯ ಸಾಧನ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಆಟೋರನ್ಸ್’. ಆರಂಭದಲ್ಲಿ ಕರೆಯಲಾಗುವ ಎಲ್ಲವನ್ನೂ ಅದು ಪಟ್ಟಿಮಾಡಿ, ಕಡತವಿಲ್ಲದ ಹೆಸರುಗಳನ್ನು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಸಂಬಂಧಪಟ್ಟ ಹೆಸರಿನ ಮುಂದಿನ ಗುರುತನ್ನು ತೆಗೆದರೆ ಸಾಕು, ಅಳಿಸುವ ಅಗತ್ಯವಿಲ್ಲ. ಬೇಕೆಂದರೆ ಮತ್ತೆ ಗುರುತು ಹಾಕಬಹುದು.

ನಿರ್ದಿಷ್ಟ ತಂತ್ರಾಂಶವೊಂದನ್ನು ತೆರೆಯುವಾಗ ‘ವಿಸಿರನ್‌ಟೈಮ್140 ಡಾಟ್ ಡಿಎಲ್‌ಎಲ್ ಸಿಗಲಿಲ್ಲ’ ಎಂದು ಬಂದರೆ ಕಾರಣ ಬೇರೆ. ಆ ತಂತ್ರಾಂಶ ಅವಲಂಬಿಸಿರುವ ಒಂದು ಸಾಮಾನ್ಯ ಕಟ್ಟು, ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂಬುದು, ಯಂತ್ರದಲ್ಲಿಲ್ಲ ಎಂದರ್ಥ. ಮೈಕ್ರೋಸಾಫ್ಟಿನ ತಾಣದಿಂದಲೇ ಆ ಕಟ್ಟನ್ನು ಹಾಕಿಕೊಳ್ಳಬೇಕು, ಇಲ್ಲವೇ ಆ ತಂತ್ರಾಂಶವನ್ನೇ ಮರುಸ್ಥಾಪಿಸಬೇಕು.

ವಿಂಡೋಸಿನ ಸ್ವಂತ ಕಡತಗಳೇ ಕೆಟ್ಟಿದ್ದು, ಯಂತ್ರ ಹೇಗೋ ಏಳುತ್ತಿದ್ದರೆ, ಆಡಳಿತಾಧಿಕಾರದಿಂದ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಎರಡು ಸಾಧನಗಳನ್ನು ಬಳಸಬಹುದು. ಎಸ್‌ಎಫ್‌ಸಿ ಎಂಬುದು ರಕ್ಷಿತ ಕಡತಗಳನ್ನು ಒಂದೊಂದಾಗಿ ನೋಡಿ, ಕೆಟ್ಟದ್ದನ್ನು ವಿಂಡೋಸಿನೊಳಗಿನ ಉಗ್ರಾಣದ ಪ್ರತಿಯಿಂದ ಬದಲಾಯಿಸುತ್ತದೆ. ಆ ಉಗ್ರಾಣವೇ ಕೆಟ್ಟಿದ್ದರೆ ಅದನ್ನು ಸರಿಪಡಿಸುವುದು ಡಿಐಎಸ್‌ಎಂ. ಆದ್ದರಿಂದ ಮೊದಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ ಎಂಬ ಕ್ರಮ ಒಳ್ಳೆಯದು.

ಯಂತ್ರ ಏಳುವುದೇ ಇಲ್ಲವಾದರೆ ವಿಂಡೋಸ್ 10 ಮತ್ತು 11ರಲ್ಲಿ ದುರಸ್ತಿ ಪರಿಸರವೊಂದಿದೆ. ಸತತವಾಗಿ ಎರಡು ಸಲ ಆರಂಭ ವಿಫಲವಾದರೆ ಅದು ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ, ಬೇರೆ ಯಂತ್ರದಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್ ಡ್ರೈವಿನಲ್ಲಿ ವಿಂಡೋಸನ್ನು ಹಾಕಿಕೊಂಡು ಅದರಿಂದ ಎಬ್ಬಿಸಿ, ಸ್ಥಾಪನೆಯನ್ನಲ್ಲ, ದುರಸ್ತಿಯನ್ನು ಆರಿಸಬೇಕು. ಅಲ್ಲಿ ಔಷಧಗಳನ್ನು ಈ ಅನುಕ್ರಮದಲ್ಲಿ ಕೊಡುವುದು ಕ್ಷೇಮ. ಮೊದಲು ‘ಸ್ಟಾರ್ಟಪ್ ರಿಪೇರ್’. ಕೆಟ್ಟುಹೋದ ಬಿಸಿಡಿ ಚೀಟಿಯನ್ನು ಅದು ಅನೇಕ ಸಲ ತಾನೇ ಬರೆದುಕೊಡುತ್ತದೆ. ಎರಡನೆಯದು, ತೊಂದರೆ ನವೀಕರಣದ ನಂತರ ಬಂದಿದ್ದರೆ ಆ ನವೀಕರಣವನ್ನು ತೆಗೆಯುವುದು. ಮೂರನೆಯದು ‘ಸಿಸ್ಟಂ ರಿಸ್ಟೋರ್’; ಅದು ಮೊದಲೇ ಚಾಲ್ತಿಯಲ್ಲಿದ್ದರೆ ವ್ಯವಸ್ಥೆಯ ಕಡತಗಳನ್ನು ಹಿಂದಿನ ದಿನಕ್ಕೆ ಒಯ್ಯುತ್ತದೆ, ನಮ್ಮ ಚಿತ್ರಗಳನ್ನೂ ಕಾಗದಗಳನ್ನೂ ಮುಟ್ಟುವುದಿಲ್ಲ. ನಾಲ್ಕನೆಯದು, ಬಲ್ಲವರ ಸಹಾಯದಿಂದ ‘ಬಿಸಿಡಿಬೂಟ್’ ಎಂಬ ಆಜ್ಞೆಯಿಂದ ಆರಂಭದ ಕಡತಗಳನ್ನು ಹೊಸದಾಗಿ ಬರೆಯುವುದು. ದುರಸ್ತಿ ಪರಿಸರದಲ್ಲಿ ಎಂದಿನ ಸಿ ಡ್ರೈವು ಡಿ ಎಂದೋ ಇ ಎಂದೋ ಕಾಣಬಹುದು. ವಿಂಡೋಸ್ ಫೋಲ್ಡರ್ ಎಲ್ಲಿದೆಯೆಂದು ನೋಡಿಯೇ ಮುಂದುವರಿಯಬೇಕು. ಇವೆಲ್ಲ ಫಲಿಸದಿದ್ದಾಗ ಮಾತ್ರ ‘ರೀಸೆಟ್’. ಅದರಲ್ಲಿ ಎರಡು ಆಯ್ಕೆಗಳಿವೆ. ‘ಕೀಪ್ ಮೈ ಫೈಲ್ಸ್’ ಎಂಬುದು ನಮ್ಮ ಕಡತಗಳನ್ನು ಉಳಿಸಿ ತಂತ್ರಾಂಶಗಳನ್ನು ತೆಗೆಯುತ್ತದೆ. ‘ರಿಮೂವ್ ಎವೆರಿಥಿಂಗ್’ ಎಂಬುದು ಹೆಸರಿಗೆ ತಕ್ಕಂತೆ ಎಲ್ಲವನ್ನೂ ಒರೆಸುತ್ತದೆ. ನಿದ್ದೆಗಣ್ಣಿನಲ್ಲಿ ಒತ್ತಬೇಕಾದ ಗುಂಡಿಗಳಲ್ಲ ಇವು.

‘ಚೆಕ್‌ಡಿಸ್ಕ್’ ಎಂಬ ಹಳೆಯ ಸಾಧನದ ಬಗ್ಗೆ ಒಂದು ಮಾತು. ಅದರ ಆಳವಾದ ಪರೀಕ್ಷೆ ಡಿಸ್ಕಿನ ಮೂಲೆಮೂಲೆಯನ್ನೂ ಓದುತ್ತದೆ. ಆರೋಗ್ಯವಂತ ಡಿಸ್ಕಿಗೆ ಅದು ವ್ಯಾಯಾಮ. ಸಾಯುತ್ತಿರುವ ಡಿಸ್ಕಿಗೆ ಮಾರಕವಾಗಬಹುದು. ನಕಲು ಮುಗಿದ ಮೇಲೆಯೇ ಅದರ ಸರದಿ.

ಮಾಡಬಾರದ ಎರಡು ಕೆಲಸಗಳು

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಡಿಎಲ್‌ಎಲ್ ಇಲ್ಲ ಎಂದೊಡನೆ ಅಂತರಜಾಲದಲ್ಲಿ ಅದರ ಹೆಸರನ್ನು ಹುಡುಕಿ, ಸಿಕ್ಕ ತಾಣದಿಂದ ತಂದು ಹಾಕುವವರ ರೀತಿ ಇದೇ. ಒಂದೇ ಹೆಸರಿನ ಡಿಎಲ್‌ಎಲ್‌ಗೆ ಅನೇಕ ಆವೃತ್ತಿಗಳಿರುತ್ತವೆ. 32 ಬಿಟ್ಟಿನದು ಬೇರೆ, 64 ಬಿಟ್ಟಿನದು ಬೇರೆ. ರಕ್ತ ಕೆಂಪಗಿದೆ ಎಂಬ ಒಂದೇ ಕಾರಣಕ್ಕೆ ಗುಂಪನ್ನು ನೋಡದೆ ಯಾವ ವೈದ್ಯರೂ ಏರಿಸುವುದಿಲ್ಲ. ಅದರ ಮೇಲೆ, ಅಪರಿಚಿತರು ಕೊಟ್ಟ ಆ ಕಡತದೊಳಗೆ ಏನು ಅಡಗಿದೆಯೋ ಬಲ್ಲವರಾರು?

ಎರಡನೆಯದು, ಸಂದೇಶದ ಜೊತೆ ದೂರವಾಣಿ ಸಂಖ್ಯೆ ಕಂಡರೆ ಕರೆ ಮಾಡುವುದು. ಮೈಕ್ರೋಸಾಫ್ಟಿನ ನಿಜವಾದ ದೋಷಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಇದ್ದರೆ ಅದು ಮೋಸ. ತಾವಾಗಿ ಕರೆ ಮಾಡಿ ‘ನಿಮ್ಮ ಕಂಪ್ಯೂಟರಿನಲ್ಲಿ ದೋಷವಿದೆ’ ಎನ್ನುವವರೂ ಅದೇ ಗುಂಪಿನವರು. ಒಂಟಿಯಾಗಿರುವ ಹಿರಿಯರಿಗೆ ಈ ಒಂದು ವಾಕ್ಯವನ್ನು ಅಗತ್ಯವಾಗಿ ತಿಳಿಸಿಡಬೇಕು.

ಇಲ್ಲದ್ದರಿಂದಲ್ಲ, ಇದ್ದದ್ದರಿಂದ

ಮೂರನೆಯ ಹಂತದಲ್ಲಿ ಯಂತ್ರ ನಿಂತರೆ ಯಾವಾಗಲೂ ಏನೋ ಕಾಣೆಯಾಗಿದೆ ಎಂದೇ ಭಾವಿಸಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತುಹೋದವು. ವಿಮಾನಗಳು ನಿಂತವು, ಅನೇಕ ಆಸ್ಪತ್ರೆಗಳಲ್ಲಿ ತುರ್ತಲ್ಲದ ಚಿಕಿತ್ಸೆಗಳು ಮುಂದಕ್ಕೆ ಹೋದವು. ಅಲ್ಲಿ ಪರಿಹಾರವಾಗಿದ್ದದ್ದು ಕಡತವನ್ನು ತಂದು ಹಾಕುವುದಲ್ಲ. ಸೇಫ್ ಮೋಡಿನಲ್ಲಿ ಯಂತ್ರವನ್ನು ಎಬ್ಬಿಸಿ, ಆ ಒಂದು ಕಡತವನ್ನು ತೆಗೆಯುವುದು. ಅನೇಕ ಕಡೆ ಅದಕ್ಕೂ ತಡವಾದದ್ದು ಬಿಟ್‌ಲಾಕರಿನ 48 ಅಂಕಿಗಳಿಗಾಗಿ ಹುಡುಕಬೇಕಾಗಿ ಬಂದದ್ದರಿಂದ. ದೊಡ್ಡ ಸಂಸ್ಥೆಗಳ ಪಾಡೇ ಹೀಗಾದರೆ ಮನೆಯವರ ಪಾಡೇನು ಎಂದು ಯೋಚಿಸಬೇಕು.

ನಮ್ಮ ಕನ್ನಡದ ಕಡತಗಳು

ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಎಚ್ಚರಿಕೆಯುಂಟು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನಿಂದ ಬಂದ ‘ನುಡಿ’, ಇವುಗಳಲ್ಲಿ ನಾವು ಬೆರಳಚ್ಚಿಸಿದ ಹಳೆಯ ಲೇಖನಗಳು, ನಾಟಕಗಳು, ಸಂಘದ ಸ್ಮರಣಸಂಚಿಕೆಗಳು ಬಹಳವಿವೆ. ಅವುಗಳಲ್ಲಿ ಅನೇಕವು ಯುನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸದವು. ಯಂತ್ರವನ್ನು ‘ರೀಸೆಟ್’ ಮಾಡಿದಾಗ ಲೇಖನಗಳು ಉಳಿದರೂ ನಾವು ಹಾಕಿಕೊಂಡಿದ್ದ ಅಕ್ಷರಶೈಲಿಗಳು ಹೋಗುತ್ತವೆ. ಆಗ ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಲೇಖನ ಕೆಟ್ಟಿತೆಂದು ಅದನ್ನು ಅಳಿಸಬಾರದು. ಅದೇ ಅಕ್ಷರಶೈಲಿಯನ್ನು ಮರಳಿ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಆದ್ದರಿಂದ ನಕಲು ಮಾಡುವಾಗ ಲೇಖನಗಳ ಜೊತೆಗೆ ಆ ಅಕ್ಷರಶೈಲಿಯ ಕಡತಗಳನ್ನೂ, ತಂತ್ರಾಂಶದ ಸ್ಥಾಪಕ ಕಡತವನ್ನೂ ಇಟ್ಟುಕೊಳ್ಳಿರಿ. ಬಿಡುವಾದಾಗ ಅವನ್ನು ಯುನಿಕೋಡಿಗೆ ಬದಲಾಯಿಸುವುದು ಇನ್ನೂ ಉತ್ತಮ.

ಕೊನೆಯ ಮಾತು

ಊರೆಲ್ಲ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದೇ. ಬಾಗಿಲು ಮೊದಲೇ ಹಾಕುವ ವಿಧಾನ ಸರಳವಾಗಿದೆ. ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ; ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ; ಒಂದು ಪ್ರತಿ ಮನೆಯ ಹೊರಗಿರಲಿ. ಆ ಮೂರನೆಯ ಪ್ರತಿಯನ್ನು ಊರಿಗೆ ಹೋದಾಗ ಅಣ್ಣನ ಮನೆಯ ಬೀರುವಿನಲ್ಲಿಟ್ಟು ಬಂದರೂ ಆದೀತು. ಇದರೊಡನೆ ದುರಸ್ತಿಯ ಪೆನ್ ಡ್ರೈವೊಂದನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಿಡಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುತ್ತಿರುವವರು ಹೊಸ ಯಂತ್ರಕ್ಕೋ ಹೊಸ ಆವೃತ್ತಿಗೋ ಹೋಗುವ ಮೊದಲು ಈ ಪ್ರತಿಗಳ ಕೆಲಸವನ್ನು ಮುಗಿಸಿಕೊಳ್ಳುವುದು ಜಾಣತನ.

ಎಂ.ಬಿ.ಬಿ.ಎಸ್. ಓದುವಾಗಲೂ, ಹೊರದೇಶದಲ್ಲಿ ರೆಸಿಡೆನ್ಸಿ ಮಾಡುವಾಗಲೂ ಗುರುಗಳಿಂದ ನಾವು ಕಲಿತ ಮೊದಲ ಪಾಠ ಒಂದೇ: ರೋಗಿಗೆ ಉಪಕಾರವಾಗದಿದ್ದರೂ ಚಿಂತೆಯಿಲ್ಲ, ಅಪಕಾರವಾಗಬಾರದು. ತೆರೆಯ ಮೇಲೆ ಆ ಸಾಲು ಕಂಡಾಗ ಕೈಯನ್ನು ಕೀಲಿಮಣೆಯಿಂದ ತೆಗೆಯಿರಿ. ಒಂದು ಫೋಟೋ ತೆಗೆಯಿರಿ. ಈ ಮಾತನ್ನು ಹೇಳುತ್ತಿರುವುದು ಯಾವ ಹಂತ ಎಂದು ಕೇಳಿಕೊಳ್ಳಿರಿ. ಅಷ್ಟು ಮಾಡಿದವರ ತಂದೆಯ ಧ್ವನಿ, ಮಗುವಿನ ನಗು ಬಹುಮಟ್ಟಿಗೆ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ.